ಸೂಜಿ ಮಾಡದ ಡಾಕ್ಟರ್

ಗೆಳೆಯರೇ, ಇಂದು ಗೆದ್ದೆ! ಇಲ್ಲಿ ತಿಕೋಟಾದಲ್ಲಿ ಬಂದವರಿಗೆಲ್ಲ ಇಂಜೆಕ್ಷನ್ ಚುಚ್ಚಿ ‘ಸೂಜಿ ಮಾಡುವ’ ಎದುರಿನ ದವಾಖಾನೆಯವನು, ಸೂಜಿ ಮಾಡದ ನಾನೇ ನಕಲಿ ಡಾಕ್ಟರೆಂದು ಮೈಸೂರು ಸರಕಾರಕ್ಕೆ ದೂರು ಕೊಟ್ಟಿದ್ದ. ವಿಚಾರಣೆಗೆ ಬಂದ ಅಧಿಕಾರಿ ಮೊದಲು ಅವನಲ್ಲಿಗೇ ಹೋದರು. ಬಿಸಿಲಿಗೆ ಬೆವೆತು ಬೆಂಚಿನ ಮೇಲೆ ಕೂತದ್ದೇ ತಡ, ಈತ ಕುದಿಯುವ ನೀರಿನಿಂದ ಸೂಜಿ ಎತ್ತಿಕೊಂಡು ಬಂದ.

“ಅಂಗಿ ತೋಳ ಏರಸ್ರಿ ಸಾಹೇಬ್ರ.”

“ನನಗೇನಾಗೇತಿ?” ಎಂದರು ಅಧಿಕಾರಿ.

“ಸೂಜಿ ಆಗ್ಲಿ, ಆಮ್ಯಾಲ ನೋಡೋಣ್ರಿ.”

“ಮೊದಲ ನಿಮ್ಮ ಸರಕಾರಿ ಸರ್ಟಿಫಿಕೇಟ್ ನೋಡೋಣು.”

ಇದ್ದರಲ್ಲವೇ ತೋರಿಸುವುದು! ನನ್ನದು ಗೋಡೆಯ ಮೇಲೇ ಇತ್ತು. ಸಂಜೆಯೊಳಗೆ ಅವನ ಬೋರ್ಡು ಇಳಿಯಿತು.

ನಾನು ಬೀಗುತ್ತ ಕೂತಿದ್ದಾಗ, ನಾನು ಸೂಜಿ ಮಾಡುವುದಿಲ್ಲವೆಂದು ಅವನ ದೂರಿಗೆ ಸಾಕ್ಷಿ ಹೇಳಿದ್ದ ಅಜ್ಜಿಯೊಬ್ಬಳು ಬಂದಳು: “ಡಾಕ್ಟರ್ ಬಾಯಾರ, ನೀವ ಖರೇ ಡಾಕ್ಟರ್ ಅಂತ ಸರಕಾರನ ಹೇಳೇತಿ. ಇನ್ನರ ಒಂದ್ ಸೂಜಿ ಮಾಡ್ರಿ!”