ಮಳೆ ಮಿಷನ್ನಿನವನಿಗೆ ಏನು ಕಷ್ಟವಿತ್ತು

ಎರಡು ಸಾವಿರದ ಇಸವಿಯ ಆಸುಪಾಸು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದ ನಾನು ಜನವರಿಯಲ್ಲಿ ಕೆಲವು ದಿನಗಳಿಗೆಂದು ಸಕಲೇಶಪುರ ಕಡೆಯ ಬೆಳಗೋಡಿನ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ನಮ್ಮದು ಎಸ್ಟೇಟ್ ಅನ್ನಿಸಿಕೊಳ್ಳುವಷ್ಟು ದೊಡ್ಡದಲ್ಲ, ಎಂಟು ಎಕರೆ ಕಾಫಿ. ಆ ವರ್ಷ ಹಣ್ಣೆಲ್ಲ ಒಟ್ಟಿಗೇ ಕೆಂಪಾಗಿ, ಗಿಡದಲ್ಲೇ ಒಣಗಿ ಉದುರಲು ಶುರುವಾಗಿತ್ತು. ಇನ್ನೊಂದು ವಾರದ ಕುಯ್ಲು ಬಾಕಿ. ಕುಯ್ಯಲು ಬರುತ್ತಿದ್ದವರು ಪಕ್ಕದ ಊರಿನ ಹತ್ತು ಹೆಂಗಸರು. ಅವರಿಗೊಬ್ಬಳು ಯಜಮಾನಿ, ಅವಳು ಎತ್ತ ನಡೆದರೆ ಉಳಿದ ಒಂಬತ್ತು ಜನ ಅತ್ತ. ದೊಡ್ಡ ಎಸ್ಟೇಟಿನವರು ಅವರನ್ನು ಕರೆದೊಯ್ಯಲು ಜೀಪನ್ನೇ ಕಳಿಸುತ್ತೇವೆ ಎಂದಿದ್ದರು. ಅಪ್ಪನ ಹತ್ತಿರ ಜೀಪಿರಲಿಲ್ಲ, ಟಿವಿ ಇತ್ತು. "ಕುಯ್ಲು ಮುಗಿಸಿಕೊಡ್ರವ್ವ, ಭಾನುವಾರ ಸಿನಿಮಾ ತೋರಿಸ್ತೀನಿ" ಎಂದು ಮಾತು ಕೊಟ್ಟರು.

ಇದನ್ನು ಬರೆಯುವಾಗ ಆಗಿನ ದಿನಚರಿ ಪಕ್ಕದಲ್ಲಿದೆ. ಅದಿಲ್ಲದಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದೆ, ಅಂದರೆ ಇನ್ನಷ್ಟು ಸುಳ್ಳಾಗಿ.

ಬೆಳಗೋಡಿನ ಅಂಗಡಿಯಿಂದ ವಿಸಿಡಿ ಪ್ಲೇಯರ್ ಬಾಡಿಗೆಗೆ ಬಂತು. ಕನ್ನಡ ಸಿನಿಮಾಗಳೆಲ್ಲ ಬೇರೆಯವರ ಪಾಲಾಗಿ, ಉಳಿದಿದ್ದು ಮುಖವಾಡ ಹಾಕಿಕೊಂಡು ಹಾರುವ ಹೀರೋನ ಒಂದು ಇಂಗ್ಲಿಷ್ ಸಿನಿಮಾ, ಎರಡು ಡಿಸ್ಕು. ಭಾನುವಾರ ಮಧ್ಯಾಹ್ನ ಹೆಂಗಸರು ನಡುಮನೆಯಲ್ಲಿ ಕೂತರು, ನಾನು ಟಿವಿಯ ಪಕ್ಕ ನಿಂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಕೇಡಿಗ ಒಬ್ಬ ವಿಜ್ಞಾನಿ. ಮಳೆ ತರಿಸುವ ಮಿಷನ್ ಮಾಡಿದ್ದಾನೆ, ಅದರಿಂದ ಒಂದು ದೊಡ್ಡ ಪಟ್ಟಣ ಮುಳುಗಿಸಬೇಕೆಂದಿದ್ದಾನೆ. ಮೊದಲ ಡಿಸ್ಕಿನ ಕೊನೆಗೆ ಅವನು ಗುಂಡಿ ಒತ್ತಿದ. ಗುಡುಗಿತು, ಮಳೆ ಭೋರ್ಗರೆಯಿತು. ಯಾರೋ ಆಗಲೇ ಸೌಂಡ್ ಜಾಸ್ತಿ ಮಾಡಿದ್ದರು.

ಹಿತ್ತಲಲ್ಲಿದ್ದ ಅಪ್ಪನ ಕಿವಿಗೆ ಅದು ಬಿತ್ತು. "ಕಣದ ಕಾಫಿ!" ಎಂದು ಕೂಗಿದರು. ಒಣಹಾಕಿದ ಕಾಫಿಗೆ ಮಳೆ ಬಿತ್ತು ಅಂದರೆ ನಮ್ಮ ಕಡೆ ಯಾರೂ ಯೋಚನೆ ಮಾಡುವುದಿಲ್ಲ, ಓಡುತ್ತಾರೆ. ಕಣ್ಣೆದುರಿಗೇ ಟಿವಿಯಲ್ಲಿ ಮಳೆ ಸುರಿಯುತ್ತಿದ್ದರೂ ಹತ್ತು ಜನವೂ ಎದ್ದು ಓಡಿದರು, ನಾನೂ ಓಡಿದೆ. ಅರ್ಧ ಕಣ ಬಳಿದು ಟಾರ್ಪಾಲು ಎಳೆದ ಮೇಲೆ ಯಜಮಾನಿ ತಲೆ ಎತ್ತಿ ನೋಡಿದಳು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು.

"ಗೌಡ್ರೆ, ನೀವು ಭಾನುವಾರನೂ ಕೆಲ್ಸ ಮಾಡಿಸ್ಬುಟ್ರಿ ಕಣ್ರೀ" ಎಂದಳು.

ನಗುತ್ತಾ ಒಳಗೆ ಬಂದರೆ, ನೆಲದ ಮೇಲಿಟ್ಟಿದ್ದ ಎರಡನೇ ಡಿಸ್ಕ್ ಯಾರದೋ ಕಾಲಿಗೆ ಸಿಕ್ಕಿ ಎರಡು ಹೋಳಾಗಿತ್ತು. ಯಾರ ಕಾಲು ಎಂದು ದಿನಚರಿಯಲ್ಲಿ ಇಲ್ಲ. ಇಲ್ಲದಿರುವುದರಿಂದಲೇ ನನಗೆ ನನ್ನ ಮೇಲೆ ಅನುಮಾನ.

"ಅರ್ಧ ಸಿನಿಮಾ ತೋರ್ಸಿ ಪೂರ್ತಿ ತೋಟ ಕುಯ್ಯಿ ಅಂದ್ರೆ ಹೆಂಗೆ?" ಯಜಮಾನಿ ನಗುತ್ತಲೇ ಕೇಳಿದಳು. ಅಪ್ಪನಿಗೆ ನಗು ಬರಲಿಲ್ಲ. ಜೀಪು ಅವರ ಕಣ್ಣಿಗೆ ಕಟ್ಟಿತ್ತು. ನಾನು ಬಾಯಿ ಹಾಕಿ, "ಈ ಸಿನಿಮಾ ನಾನು ಮೈಸೂರಲ್ಲೇ ನೋಡಿದ್ದೀನಿ, ಉಳಿದಿದ್ದು ಹೇಳ್ತೀನಿ" ಎಂದೆ. ನೋಡಿರಲಿಲ್ಲ.

ಸೋಮವಾರ ಹತ್ತು ಜನವೂ ಬಂದರು. "ಇವತ್ತು ಬಂದಿದೀವಿ. ನಾಳೆದು ನಿನ್ನ ಕತೆ ನೋಡ್ಕಂಡು ಕಣವ್ವ" ಎಂದು ಯಜಮಾನಿ ಕುಕ್ಕೆ ಕಟ್ಟಿಕೊಂಡಳು. ನಾನೂ ಒಂದು ಕುಕ್ಕೆ ಕಟ್ಟಿಕೊಂಡು ಸಾಲಿನ ನಡುವೆ ನಿಂತೆ. ಹೊಡೆದಾಟದಿಂದ ಶುರು ಮಾಡೋಣ ಅಂದುಕೊಂಡರೆ ಅವರು ಬಿಡಲಿಲ್ಲ. ಕೇಡಿಗ ಊರು ಮುಳುಗಿಸುವುದು ಯಾಕೆ, ಅದು ಮೊದಲು ಗೊತ್ತಾಗಬೇಕು.

"ಲೋಕ ಆಳೋಕೆ" ಎಂದೆ.

"ಮುಳುಗಿಸಿದ ಮೇಲೆ ಏನನ್ನ ಆಳ್ತಾನೆ, ಮೀನನ್ನಾ?" ಹಿಂದಿನ ಸಾಲಿನಿಂದ ಬಂತು.

"ಮಳೆ ಮಿಷನ್ ಇರೋನು ಲೋಕಕ್ಕೆ ಯಾಕೆ ಹೋಗ್ಬೇಕು?" ಯಜಮಾನಿ ಕೇಳಿದಳು. "ಮಾರ್ಚಿ ತಿಂಗ್ಳಲ್ಲಿ ಸಕಲೇಶಪುರದ ಬಸ್‌ಸ್ಟ್ಯಾಂಡಲ್ಲಿ ಬಂದು ಕೂತ್ಕಂಡ್ರೆ ಸಾಕು, ತೋಟದೋರೆಲ್ಲ ಹಾರ ಹಿಡ್ಕಂಡು ನಿಲ್ತಾರೆ."

ಮಾರ್ಚಿಯ ಒಂದು ಹೂಮಳೆಗೆ ಕಾಫಿ ಹೂ ಅರಳುತ್ತದೆ. ಬರದಿದ್ದರೆ ಮುಂದಿನ ಫಸಲಿಲ್ಲ. ಅದನ್ನು ಕೈಯಲ್ಲಿ ಹಿಡಿದವನು ಕೆಟ್ಟವನಾಗುವ ಅಗತ್ಯವಾದರೂ ಏನು? ವಿಶ್ವವಿದ್ಯಾಲಯದಲ್ಲಿ ನಾವು ಪಾತ್ರಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದೆವು, ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಮಂಗಳವಾರ ಇನ್ನೊಂದು ಕಾರಣ ತಂದೆ. ಕೇಡಿಗ ಚಿಕ್ಕವನಿರುವಾಗಲೇ ತಂದೆ ತಾಯಿ ಸತ್ತಿದ್ದರು.

"ನಾನೂ ಏಳು ವರ್ಸಕ್ಕೇ ಅವ್ವನ್ನ ಕಳ್ಕಂಡೋಳು. ಯಾರ ಊರು ಮುಳುಗ್ಸಿದೀನಿ?" ಎಂದಳು ಯಜಮಾನಿ. ಆ ಸಾಯಂಕಾಲ ಅವರು ಹೊರಡುವಾಗ "ನಾಳೆ ನೋಡಾಣ" ಎಂದರು. ಜೀಪು ರಸ್ತೆಯ ತಿರುವಿನಲ್ಲಿ ನಿಂತಿದ್ದನ್ನು ಅಪ್ಪನೂ ನೋಡಿದರು, ನಾನೂ ನೋಡಿದೆ. ಇನ್ನೂ ಮೂರು ಎಕರೆ ಬಾಕಿ ಇತ್ತು.

ಬುಧವಾರ ಬಂದರು, ಆದರೆ ಇದೇ ಕೊನೆ ಎನ್ನುವ ಹಾಗೆ ಬಂದರು. ಇಲ್ಲಿ ನನ್ನ ನೆನಪೂ ದಿನಚರಿಯೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆವತ್ತು ಕಾರಣ ಹೊಳೆದಿದ್ದು ನನಗೇ ಎಂದು ವರ್ಷಗಟ್ಟಲೆ ಗೆಳತಿಯರಿಗೆ ಹೇಳಿದ್ದೇನೆ, ಹೊಳೆದಾಗ ಕೈಯಲ್ಲಿದ್ದ ರೆಂಬೆ ಕೂಡ ನೆನಪಿದೆ. ದಿನಚರಿಯಲ್ಲಿರುವುದು ಒಂದೇ ಸಾಲು: "ಇವತ್ತು ಕಾರಣ ಸಿಕ್ಕಿತು. ಅಪ್ಪ ಹೇಳಿದರು." ಆ ರೆಂಬೆ ಎಲ್ಲಿಂದ ಬಂತೋ.

ಅಪ್ಪ ಪಕ್ಕದ ಸಾಲಿನಲ್ಲಿ ಕುಯ್ಯುತ್ತಿದ್ದರು. ಗಿಡದ ಮರೆಯಿಂದಲೇ ಮಾತಾಡಿದರು. "ಅವನದೂ ಒಂದು ತೋಟ ಇತ್ತು. ಮೂರು ವರ್ಷ ಹೂಮಳೆ ರಸ್ತೆ ಆಚೆ ಬಂತು, ಅವನ ಬೇಲಿ ಹತ್ರ ಬಂದು ನಿಂತ್ಹೋಯ್ತು."

ಹೆಂಗಸರ ಕೈ ನಿಂತಿತು.

"ಅದನ್ನಾದ್ರೂ ತಡ್ಕೋತಿದ್ದ. ಆಚೆ ತೋಟದೋನು ಬಂದು, ಕಾಫಿ ಕುಡ್ಕೊಂಡು, 'ಅಯ್ಯೋ, ನಿಮಗೆ ಬರ್ಲೇ ಇಲ್ವಾ?' ಅಂದ. ಮೂರು ವರ್ಷವೂ ಬಂದು ಕೇಳ್ದ."

ನಮ್ಮ ರಸ್ತೆ ಆಚೆಯ ತೋಟ ಯಾರದು, ಅವರು ಯಾವಾಗ ಬಂದು ಕಾಫಿ ಕುಡಿಯುತ್ತಾರೆ ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಹಂಗನ್ನಿ ಮತ್ತೆ" ಎಂದಳು ಯಜಮಾನಿ ಸಮಾಧಾನದಿಂದ. "ಈಗ ಮುಳುಗಿಸ್ಲಿ ಬುಡಿ."

ಗುರುವಾರ ಕೇಳುವ ಅಗತ್ಯವೇ ಬರಲಿಲ್ಲ, ಜೀಪು ಬರುವ ಮೊದಲೇ ಹತ್ತು ಜನ ನಮ್ಮ ತೋಟದಲ್ಲಿದ್ದರು. ಆವತ್ತೆಲ್ಲ ಹೊಡೆದಾಟ. ಹೀರೋ ಎಲ್ಲಿ ಏಟು ತಿನ್ನಬೇಕು ಎನ್ನುವುದನ್ನೂ ಅವರೇ ಹೇಳಿದರು, ಕೇಡಿಗನ ಪರವಾಗಿ.

ಶುಕ್ರವಾರ ಸಾಯಂಕಾಲ ನಾನೊಂದು ತಪ್ಪು ಮಾಡಿದೆ. ಇನ್ನೂ ಒಂದು ದಿನದ ಕುಯ್ಲಿದ್ದಾಗಲೇ ಕತೆ ಮುಗಿಸಿಬಿಟ್ಟೆ. ಹೀರೋ ಗೆದ್ದ, ಪಟ್ಟಣ ಉಳಿಯಿತು.

"ಮಿಷನ್ ಏನಾಯ್ತು?" ಯಜಮಾನಿ ಕೇಳಿದಳು.

"ಒಡೆದುಹಾಕಿದ."

ಇನ್ನೊಬ್ಬಳು, "ಮಾರ್ಚಿವರ್ಗಾದ್ರೂ ತಡೀಬಾರ್ದಿತ್ತಾ?" ಎಂದಳು.

"ಹಾರಾಕೆ ಬರ್ತದೆ ಅಷ್ಟೆಯಾ, ಬುದ್ಧಿ ಇಲ್ಲ ಅವನಿಗೆ" ಎಂದು ಯಜಮಾನಿ ಕುಕ್ಕೆ ಬಿಚ್ಚಿದಳು. ನಾನು ಅಪ್ಪನ ಮುಖ ನೋಡಿದೆ. ಅವರು ಚೀಲದ ಬಾಯಿ ಕಟ್ಟುತ್ತಾ, "ಇವಳು ಸರಿಯಾಗಿ ನೋಡಿಲ್ಲ. ಒಡೆದ ಹಂಗೆ ಮಾಡಿ ಎಲ್ಲೋ ಬಚ್ಚಿಟ್ಟ. ಎಲ್ಲಿ ಅಂತ ನಾಳೆ ಹೇಳ್ತೀನಿ" ಎಂದರು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಕೊನೆಯ ಸಾಲು ಮುಗಿಯಿತು. ಮಿಷನ್ ಕಾಫಿ ಚೀಲ ಇಡುವ ನಮ್ಮ ಸ್ಟೋರಿನ ಅಟ್ಟದ ಮೇಲಿದೆ ಎಂದು ಅಪ್ಪ ಹೇಳಿದರಂತೆ. ಇದು ನನಗೆ ನೆನಪಿಲ್ಲ, ದಿನಚರಿಯಲ್ಲೂ ಇಲ್ಲ, ಅಮ್ಮ ಹೇಳಿದ್ದು. ಆ ಮಾರ್ಚಿಯಲ್ಲಿ ನಾನು ಮೈಸೂರಿನಲ್ಲಿದ್ದೆ. ಹೂಮಳೆ ಬಂದ ಮಾರನೇ ದಿನ ಯಜಮಾನಿ ಮನೆ ಬಾಗಿಲಿಗೆ ಬಂದು, "ಏನ್ ಗೌಡ್ರೆ, ಗುಂಡಿ ಒತ್ತುದ್ರಾ?" ಎಂದು ಕೇಳಿದ್ದಳಂತೆ.

ಮಳೆ ರಸ್ತೆಯ ಈಚೆಗೂ ಬಂದಿತ್ತು. ಅವಳು ಹೋದ ಮೇಲೆ ಅಪ್ಪ ಆಚೆ ತೋಟದವರ ಮನೆಗೆ ಕಾಫಿ ಕುಡಿಯಲು ಹೋದರಂತೆ.