ಅಪ್ಪ ಇಟ್ಟ ಟೈಮಿಂಗ್

ನಮ್ಮಪ್ಪನಿಗೆ ಕಿವಿ ಹೋಗಿದ್ದು ಇಡೀ ಹಿಂದೂಪುರದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅವನಿಗೂ ಗೊತ್ತಿತ್ತು ಅನ್ನಿ, ಆದರೆ ಒಪ್ಪಿಕೊಂಡಿರಲಿಲ್ಲ. ಪರಿಗಿ ರಸ್ತೆಯಲ್ಲಿ ನಮ್ಮದೊಂದು ತಗಡಿನ ಶೆಡ್. ಹಳೆಯ ಪೆಟ್ರೋಲ್ ಕಾರು, ಜೀಪು ಸಾಕಿಕೊಂಡವರೆಲ್ಲ ರೊದ್ದಂ, ಕಲ್ಯಾಣದುರ್ಗದ ಕಡೆಯಿಂದಲೂ ಅಲ್ಲಿಗೇ ಬರುತ್ತಿದ್ದರು. ಯಾವ ಮೀಟರೂ ಇಲ್ಲದೆ ಇಂಜಿನ್ನಿನ ಸದ್ದು ಕೇಳಿಯೇ ಟೈಮಿಂಗ್ ಇಡುತ್ತಾನೆ ಎಂದು ಅಪ್ಪನಿಗೆ ಹೆಸರು.

ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಬ್ಬಿಗೆ ಡಿಸ್ಟ್ರಿಬ್ಯೂಟರ್ ಅನ್ನುತ್ತಾರೆ. ಅದರ ಬುಡದ ಬೋಲ್ಟ್ ಸಡಿಲಿಸಿ, ಇಂಜಿನ್ ಓಡುತ್ತಿರುವಾಗಲೇ ಕೂದಲೆಳೆಯಷ್ಟು ಆಚೀಚೆ ತಿರುಗಿಸಿ ಕಿಡಿ ಬೀಳುವ ಹೊತ್ತು ಹೊಂದಿಸಬೇಕು. ಮುಂದಕ್ಕೆ ತಿರುಗಿಸಿದಷ್ಟೂ ಕಿಡಿ ಮುಂಚೆ ಬೀಳುತ್ತದೆ. ಕಿಡಿ ತಡವಾದರೆ ಗಾಡಿ ಎಳೆಯುವುದಿಲ್ಲ. ತೀರಾ ಮುಂಚೆ ಬಿದ್ದರೆ ಗಾಡಿ ನಿಂತಲ್ಲಿ ಇಂಜಿನ್ ಗೆಲುವಾಗಿಯೇ ಓಡುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಒಳಗೆ ಸಣ್ಣಗೆ ಕಟಕಟ ಅನ್ನುತ್ತದೆ. ಆ ಕಟಕಟ ಅಪ್ಪನಿಗೆ ಕೇಳಿಸುತ್ತಿರಲಿಲ್ಲ.

ಕೇಳಿಸಿಕೊಳ್ಳುತ್ತಿದ್ದವಳು ನಾನು. ಬಾನೆಟ್ಟಿನ ಈಚೆ ಒರೆಸುವ ಬಟ್ಟೆ ಹಿಡಿದು ನಿಂತಿರುತ್ತಿದ್ದೆ. ಬಟ್ಟೆ ಎಡಹೆಗಲಿಗೆ ಹಾಕಿದರೆ ಹಿಂದಕ್ಕೆ ತಿರುಗಿಸು, ಬಲಹೆಗಲಿಗೆ ಹಾಕಿದರೆ ಮುಂದಕ್ಕೆ, ಕೆಳಗಿಟ್ಟರೆ ಸಾಕು ಎಂದು ಅರ್ಥ. ಇದನ್ನು ನಾವಿಬ್ಬರೂ ಬಾಯಿಬಿಟ್ಟು ಮಾತಾಡಿಕೊಂಡದ್ದಿಲ್ಲ, ಹಾಗೇ ರೂಢಿಯಾಗಿಬಿಟ್ಟಿತು. ಕೆಲಸ ಮುಗಿದ ಮೇಲೆ ಅಪ್ಪ ಗಿರಾಕಿಗಳಿಗೆ, "ಇವ್ಳಿಗೆ ನೆಟ್ಟಗೆ ಒರ್ಸಾಕೂ ಬರಾಕಿಲ್ಲ ಕಣಪ್ಪ" ಎಂದು ನನ್ನನ್ನು ತೋರಿಸಿ ನಗುತ್ತಿದ್ದ. ಅವರೂ ನಗುತ್ತಿದ್ದರು. ನನಗೆ ಬೇಕಾಗಿದ್ದು ಒಂದೇ. ಒಮ್ಮೆ, ನಾಲ್ಕು ಜನರ ಮುಂದೆ, ಟೈಮಿಂಗ್ ಇಟ್ಟಿದ್ದು ನನ್ನ ಮಗಳು ಎಂದು ಅವನು ಹೇಳಬೇಕಿತ್ತು. ಅವನ ಬಾಯಿಂದ ಆ ಮಾತು ಬಾರದೆ ಹೆಂಗಸಿನ ಕೈಗೆ ಯಾರೂ ಗಾಡಿ ಕೊಡುತ್ತಿರಲಿಲ್ಲ. ಆ ಮಾತಿಲ್ಲದೆ ಶೆಡ್ ನನ್ನದಾಗುತ್ತಿರಲಿಲ್ಲ.

ಕಲ್ಯಾಣದುರ್ಗದಲ್ಲೊಬ್ಬರು ರಿಟೈರಾದ ಮೇಷ್ಟ್ರು. ಅವರ ಹಳೆಯ ಅಂಬಾಸಿಡರ್ ದಿಬ್ಬ ಹತ್ತುತ್ತಿಲ್ಲ, ಬ್ಯಾಟರಿಯೂ ಸತ್ತಿದೆ ಎಂದು ಹೇಳಿಕಳಿಸಿದ್ದರಿಂದ ನಾವೇ ಬಸ್ಸಿನಲ್ಲಿ ಹೋದೆವು. ಅವರೇ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿ ಇಂಜಿನ್ ಎಬ್ಬಿಸಿದರು. ಬೀದಿಯವರು ಸುತ್ತ ಬಂದು ನಿಂತರು. ಅಪ್ಪ ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಸಂಗೀತ ಕೇಳುವವನ ಹಾಗೆ ನಿಂತ. ಆಮೇಲೆ ಒಂದು ಕಣ್ಣು ತೆರೆದು ನನ್ನ ಹೆಗಲು ನೋಡಿದ.

ಮೇಷ್ಟ್ರು ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದೇ ಮುದುಕರಾದವರು. ಸ್ವಲ್ಪ ಹೊತ್ತು ನಮ್ಮಿಬ್ಬರನ್ನೂ ನೋಡಿ, "ಅಮ್ಮಾಯೇ ಕದಾ ಟೈಮಿಂಗ್ ಪೆಡತಾಂದಿ!" ಎಂದು ತೆಲುಗಿನಲ್ಲಿ ಅಂದರು. ಸುತ್ತಲಿದ್ದವರು ಹೋ ಎಂದು ನಕ್ಕರು.

ಅಪ್ಪ ನನ್ನ ಕಡೆ ತಿರುಗಿ "ಏನಂದ್ರೇ ಮೇಷ್ಟ್ರು?" ಅಂದ. ಏನೂ ಇಲ್ಲ ಅನ್ನಬಹುದಿತ್ತು. ಅವನ ಕಿವಿಯ ಹತ್ತಿರ ಹೋಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ. "ಟೈಮಿಂಗ್ ಇಡ್ತಿರೋದು ಮಗಳೇ ಅಂತೆ, ನೀನಲ್ವಂತೆ!" ಹೇಳುವಾಗ ನನಗೆ ಖುಷಿಯಾಯಿತು. ಹೊಟ್ಟೆ ತುಂಬಿದಷ್ಟು ಖುಷಿ.

ಅಪ್ಪ ನನ್ನ ಹೆಗಲ ಮೇಲಿದ್ದ ಬಟ್ಟೆ ಕಿತ್ತು ಮೋರಿಗೆ ಎಸೆದ. ಡಿಸ್ಟ್ರಿಬ್ಯೂಟರ್ ಹಿಡಿದು ಮುಂದಕ್ಕೆ ತಿರುಗಿಸಿದ, ಇನ್ನೂ ಮುಂದಕ್ಕೆ. ಇಂಜಿನ್ ಜೋರಾಯಿತು, ಜನ ತಲೆದೂಗಿದರು. ಬೋಲ್ಟ್ ಬಿಗಿದು, ಇಂಜಿನ್ ನಿಲ್ಲಿಸಿ, ಹ್ಯಾಂಡಲ್ ಕೈಗೆತ್ತಿಕೊಂಡ. "ಈಗ ನೋಡ್ರಿ, ಒಂದೇ ಏಟ್ಗೆ ಎದ್ಬುಡ್ತದೆ."

ಅಷ್ಟು ಮುಂಚೆ ಕಿಡಿ ಬಿದ್ದರೆ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಒಳಗೆ ಸಿಡಿಯುತ್ತದೆ. ಸಿಡಿದು ಹ್ಯಾಂಡಲ್ಲನ್ನು ಉಲ್ಟಾ ತಿರುಗಿಸುತ್ತದೆ. "ಅಪ್ಪಾ, ಬ್ಯಾಡ! ಕೈಗೆ ಹೊಡೀತೈತೆ!" ಎಂದು ಅವನ ಎದುರೇ ನಿಂತು ಕೂಗಿದೆ. ನನ್ನ ತುಟಿ ನೋಡಿಯೇ ಅವನಿಗೆ ಅರ್ಥವಾಯಿತು.

"ಮುಚ್ಚೇ ಬಾಯಿ. ಆ ಕಡೀಕ್ ಹೋಗ್" ಅಂದ. ತಿರುವಿದ.

ಒಣ ಜಾಲಿ ಕೊಂಬೆ ಮುರಿದ ಹಾಗೆ ಸದ್ದಾಯಿತು. ಹ್ಯಾಂಡಲ್ ಹಿಂದಕ್ಕೆ ಸುತ್ತಿ, ಅಪ್ಪನ ಬಲಗೈ ಮಣಿಕಟ್ಟಿನ ಹತ್ತಿರ ತೊಟ್ಟಿಲ ಹಗ್ಗದಂತೆ ಜೋತುಬಿತ್ತು. ಅವನನ್ನು ಜಗುಲಿಗೆ ಕೂರಿಸಿದರು. ಅಷ್ಟರಲ್ಲಿ ನಾನು ಬೋಲ್ಟ್ ಸಡಿಲಿಸಿ, ಡಿಸ್ಟ್ರಿಬ್ಯೂಟರ್ ಹಿಂದಕ್ಕೆ ತಂದು ಬಿಗಿದೆ. ಮೇಷ್ಟ್ರು ಹೆದರುತ್ತಲೇ ಹ್ಯಾಂಡಲ್ ಮುಟ್ಟಿದರು, ಇಂಜಿನ್ ಎದ್ದಿತು. ಅದೇ ಗಾಡಿಯಲ್ಲಿ ಅಪ್ಪನನ್ನು ಮುರಿದ ಮೂಳೆ ಕೂಡಿಸಿ ಕಟ್ಟುವವನ ಹತ್ತಿರ ಕರೆದುಕೊಂಡು ಹೋದೆವು. ದಾರಿಯಲ್ಲಿ ದಿಬ್ಬವನ್ನು ಗಾಡಿ ಸಲೀಸಾಗಿ ಹತ್ತಿತು. ಹಿಂದಿನ ಸೀಟಿನಲ್ಲಿ ಅಪ್ಪ ನರಳುತ್ತಿದ್ದ, ನಾನು ಇಂಜಿನ್ ಕೇಳುತ್ತ ಕೂತಿದ್ದೆ.

ಬಿದಿರು ದಬ್ಬೆ ಕಟ್ಟುವವನು ಹೇಗಾಯಿತು ಎಂದು ಕೇಳಿದ. ಅಪ್ಪ ಎಡಗೈಯಿಂದ ನನ್ನನ್ನು ತೋರಿಸಿದ. "ಇವ್ಳು ಕಣಪ್ಪ. ನಾನಿಟ್ಟ ಟೈಮಿಂಗ್ ಮುಟ್ಟಿ ಕೆಡಿಸ್ಬುಟ್ಲು."

ನಾನು ಮೇಷ್ಟ್ರ ಮುಖ ನೋಡಿದೆ. "ಸಾರ್, ನೀವೇ ನೋಡಿದ್ರಲ್ಲ. ಹೇಳಿ ಸಾರ್."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡ್ದೆ ಕಣಮ್ಮ. ದೊಡ್ಡೋರು, ನೋವಿನಾಗವ್ರೆ. ಹೋಗ್ಲಿ ಬಿಡು."

ಬಿಟ್ಟೆ. ನಾವು ಊರಿಗೆ ಬರುವ ಹೊತ್ತಿಗೆ ಮಾತು ಪರಿಗಿ ರಸ್ತೆಯ ಟೀ ಅಂಗಡಿವರೆಗೂ ಬಂದಿತ್ತು. ಅಪ್ಪನ ಕೈ ಮುರಿದ ಮಗಳು. ಆಮೇಲೂ ಯಾರಾದರೂ ಗಾಡಿ ತಂದರೆ, ಶೆಡ್ಡಿನ ಬಾಗಿಲಲ್ಲೇ ಕುರ್ಚಿ ಹಾಕಿ ಕೂತ ಅಪ್ಪ ಸೊಟ್ಟಗೆ ಕೂಡಿಕೊಂಡ ಕೈ ಎತ್ತಿ ತೋರಿಸುತ್ತಿದ್ದ. ಅವರು ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರು. ಈಗ ಆ ಶೆಡ್ಡನ್ನು ಬಾಡಿಗೆಗೆ ಹಿಡಿದವನು ಅಲ್ಲಿ ವಾಟರ್ ಕ್ಯಾನ್ ಇಟ್ಟಿದ್ದಾನೆ.

ಅಪ್ಪನ ಬಲಗೈ ಬೆರಳುಗಳು ಮಡಚುವುದಿಲ್ಲ. ಎಡಗೈಯಲ್ಲಿ ಉಣ್ಣುವುದು ಅವನಿಗೆ ಅವಮಾನ. ಹಾಗಾಗಿ ಎರಡು ಹೊತ್ತೂ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಡುವವಳು ನಾನೇ. ಎಂಥ ಮಗಳು ಎಂದು ಅಕ್ಕಪಕ್ಕದವರು ಈಗ ಹೊಗಳುತ್ತಾರೆ. ಮುದ್ದೆಯನ್ನು ಅಗಿಯುವಂತಿಲ್ಲ, ಹಾಗೇ ನುಂಗಬೇಕು. ಮೇಲೆ ಆರಿದಂತಿದ್ದರೂ ಒಳಗೆ ಕೆಂಡ. "ಸುಡ್ತೈತೆ ಕಣೇ" ಅನ್ನುತ್ತಾನೆ, ಕಣ್ಣಲ್ಲಿ ನೀರು ತುಂಬಿಕೊಂಡು.

ಮುಂದಿನ ತುತ್ತನ್ನು ನಾನು ಮುದ್ದೆಯ ನಡುವಿನಿಂದ ಮುರಿಯುತ್ತೇನೆ.