ಅಪ್ಪ ಬರೆದ ಅರ್ಧ ತಂಬಿಗೆ

ಮೊನ್ನೆ ಹಾವೇರಿಯ ಪುಸ್ತಕದ ಅಂಗಡಿಯಲ್ಲಿ ನಿಂತಿದ್ದಾಗ ಅಂಗಡಿಯಾತ ಪೆನ್ಸಿಲೊಂದನ್ನು ಕೆತ್ತಿ ಮೊನೆ ತೋರಿಸಿದ. ಸೀಸದ ಪುಡಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಳ್ಳಲು ಬಂದದ್ದೇನೆಂಬುದೇ ಮರೆತುಹೋಯಿತು. ನಿಮಗೆ ಆ ವಾಸನೆಯಿಂದ ಶಾಲೆ ನೆನಪಾಗಬಹುದು. ನನಗೆ ನೆನಪಾಗುವುದು ಅಪ್ಪ.

ಅಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ರಾಶಿಯನ್ನು ಮುಟ್ಟದೆಯೇ ಅದು ಯಾವ ಸೀಮೆಯ ಹೊಲದ್ದು, ಎಷ್ಟು ನೀರು ಕಂಡದ್ದು ಎಂದು ಹೇಳುತ್ತಿದ್ದ. ಅಂಥ ಕಣ್ಣು. ಪೇಟೆಯವರ ಅಂಗಿಯ ಜೇಬಿಗೆ ಮೊಬೈಲು ಆಗಷ್ಟೇ ಬರುತ್ತಿದ್ದ ಒಂದು ಬೇಸಿಗೆಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸೋತವು. ಜೀವ ಉಳಿಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಕಂಡಿತು. ತಾಟಿನ ಬಲಕ್ಕಿದ್ದ ರೊಟ್ಟಿ ತಿಂದು, ಎಡಕ್ಕಿದ್ದ ಪಲ್ಯೆ ಮುಟ್ಟದೆ, "ಪಲ್ಯೆ ಯಾಕ ನೀಡಿಲ್ಲ?" ಎಂದು ಗದರುತ್ತಿದ್ದ. ಒಂದು ದಿನ ಅವ್ವ ಎಡಕ್ಕೇ ಕುಳಿತಿದ್ದಾಳೆ, "ನಿಮ್ಮವ್ವ ಎಲ್ಲಿ ಹೋಗ್ಯಾಳ?" ಎಂದು ನನ್ನನ್ನು ಕೇಳಿದ. ಅವ್ವ ಸೆರಗು ಬಾಯಿಗೊತ್ತಿಕೊಂಡು ಎದ್ದುಹೋದಳು.

ರಾಣೇಬೆನ್ನೂರಿನ ಡಾಕ್ಟರಮ್ಮ ಸಮಾಧಾನ ಹೇಳಿದರು. "ಕಣ್ಣು ಚಲೋನ ಅದಾವ್ರಿ. ಎಡಗಡಿ ಒಂದು ಲೋಕ ಐತಿ ಅನ್ನೂದನ್ನ ಮಿದುಳು ಮರತೈತಿ. ದಿನಾ ಮನ್ಯಾಗಿನ ಸಾಮಾನ ಮುಂದಿಟ್ಟು ಚಿತ್ರಾ ಬರಸ್ರಿ. ನೀವೆಲ್ಲಾ ಅವರ ಎಡಕ್ಕ ಕುಂತು ಮಾತಾಡ್ರಿ."

ಬರೆಸುವವಳು ನಾನು! ಶಾಲೆಯಲ್ಲಿ ನಾನು ಬರೆದ ಆಕಳನ್ನು ನೋಡಿ ಮಾಸ್ತರರು, "ಮಂಚ ಗಟ್ಟಿಮುಟ್ಟ ಐತಿ" ಎಂದಿದ್ದರು. ಆದರೂ ಗಂಡನ ಮನೆಗೆ ಹೇಳಿಕಳಿಸಿ ತವರಿನಲ್ಲೇ ಉಳಿದೆ. ಒಂದು ತಂಬಿಗೆ, ಒಂದು ಉಳ್ಳಾಗಡ್ಡಿ, ಒಂದು ಚಹಾದ ಕಪ್ಪು ಜೋಡಿಸಿಟ್ಟೆ. ಅಪ್ಪ ಬಲಗೈಯಿಂದ ತಂಬಿಗೆಯನ್ನು ಬರೆದ. ಬಲಭಾಗದ ಹೊಟ್ಟೆ, ಕಂಠ, ಹೊಳಪು ಎಲ್ಲ ಬಂತು. ಎಡಭಾಗ ಬರೀ ಬಿಳಿ ಹಾಳೆ.

"ಪೂರ್ತಿ ಆತೇನಪ್ಪಾ?"

"ಮತ್ತೇನು ಉಳದೈತಿ?"

ಅವನು ಪೆನ್ಸಿಲ್ ಕೆಳಗಿಟ್ಟ. 

ಹದಿನೈದು ದಿನ ಅರ್ಧ ತಂಬಿಗೆಗಳೇ. ನೋಡಿ ನೋಡಿ ನನಗೆ ಸಿಟ್ಟು ಬರತೊಡಗಿತು. ಪಕ್ಕದಲ್ಲಿ ಕುಳಿತು ನಾನೂ ಬರೆಯುತ್ತಿದ್ದೆ. ಕುಳಿತು ನೋಡಿದರೆ ತಂಬಿಗೆಯ ಬಾಯಿ ದುಂಡಗಿಲ್ಲ, ಚಪ್ಪಟೆಯಾಗಿದೆ ಎಂಬುದು ಚಿಕ್ಕಂದಿನಿಂದ ಅದರಲ್ಲೇ ನೀರು ಕುಡಿದ ನನಗೆ ಆಗ ಗೊತ್ತಾಯಿತು. ಕಾಣದಿರುವುದು ಅಪ್ಪನೊಬ್ಬನ ರೋಗವಲ್ಲ ಅನ್ನಿಸಿ ನನ್ನ ಸಿಟ್ಟೂ ಸ್ವಲ್ಪ ಇಳಿಯಿತು.

ಕೊನೆಗೊಂದು ದಿನ ಅಡುಗೆಮನೆಯಿಂದ ಒಂದು ಮೆಣಸಿನಕಾಯಿ ತಂದು ಹಾಳೆಯ ಎಡ ಅಂಚಿಗಿಟ್ಟೆ. "ಇಲ್ಲೊಂದು ಮೆಣಸಿನಕಾಯಿ ಐತಿ. ಅದು ಕಾಣೂತನಾ ಪೆನ್ಸಿಲ್ ಇಡಬ್ಯಾಡ," ಎಂದೆ. ಅಪ್ಪ ಹುಡುಕಿದ. ಕತ್ತು ಬಲಕ್ಕೇ ಹೋಗುತ್ತಿತ್ತು. ಬೆವರಿದ. ಬೇಡ ಬಿಡು ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ಕತ್ತು ನಿಧಾನವಾಗಿ ಎಡಕ್ಕೆ ಹೊರಳಿತು.

"ಇದು ಹ್ವಾದ ವರ್ಷದ ಮಾಲು. ಬಣ್ಣ ಸತ್ತೈತಿ. ಇದನ್ನ ಯಾರು ಮನಿಗೆ ತಂದಾರ?"

ತಂದವಳು ಅವ್ವ. ಬೈಸಿಕೊಂಡು ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಅಲ್ಲಿಂದ ತಂಬಿಗೆ ದಿನಕ್ಕೊಂದಿಷ್ಟು ಎಡಕ್ಕೆ ಬೆಳೆಯಿತು. ಕಪ್ಪಿಗೆ ಹಿಡಿಕೆ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಸಾಮಾನು ಜೋಡಿಸಿದ ಅವ್ವ ಎಡಕ್ಕೆ ಕೈಯೂರಿ ಹಾಗೇ ಕುಳಿತಿದ್ದಳು. ಅಪ್ಪ ಬರೆದು ಮುಗಿಸಿದಾಗ ಹಾಳೆಯ ಎಡ ಅಂಚಿನಲ್ಲಿ ಬಳೆ ತೊಟ್ಟ ಒಂದು ಕೈ ಇತ್ತು.

"ನನ್ನ ಕೈ ಯಾಕ ಬರದೀರಿ?" ಎಂದಳು ಅವ್ವ.

"ನೀ ಕೈ ತಗಿಯವಲ್ಲಿ. ಕಾಣಾಕತ್ತಿತ್ತು, ಬರದೆ."

ಅವ್ವ ಹಾಳೆಗೆ ಬಗ್ಗಿ ಬಳೆಗಳನ್ನು ಎಣಿಸಿದಳು. ಆಮೇಲೆ, "ಬಳಿ ಒಂದು ಕಡಿಮಿ ಆಗೈತಿ," ಎಂದಳು. ಆದರೆ ಆ ಕೈಯನ್ನು ಮಾತ್ರ ಇಟ್ಟಲ್ಲಿಂದ ತೆಗೆಯಲಿಲ್ಲ.

ಮೊನ್ನೆ ಅಂಗಡಿಯಿಂದ ಹೊರಬಿದ್ದವಳು ಮನೆಯ ದಾರಿ ಹಿಡಿಯದೆ ಬ್ಯಾಡಗಿಯ ಬಸ್ಸು ಹತ್ತಿದೆ. ಅಪ್ಪ ಕಟ್ಟೆಯ ಮೇಲಿದ್ದ, ನನ್ನ ಅಣ್ಣನ ಮೊಮ್ಮಕ್ಕಳ ಗದ್ದಲದ ನಡುವೆ. ಸದ್ದಿಲ್ಲದೆ ಹೋಗಿ ಅವನ ಎಡಕ್ಕೆ ಕುಳಿತೆ. ಅವನು ಹೊರಳಿ ನೋಡಿದ. 

"ನಿನ್ನ ಓಲಿ ತಿರುಪು ಸಡ್ಲ ಆಗೈತಿ ನೋಡು. ಬೀಳತೈತಿ."

ಕಿವಿಗೆ ಕೈಯಿಟ್ಟು ನೋಡಿದೆ. ಖರೆ. ಅಲ್ಲೇ ಕುಳಿತು ಬಿಗಿ ಮಾಡಿಕೊಂಡೆ.